ಕಾಲಿಲ್ಲದ ಚೇಳು

ನಮ್ಮ ಡ್ರಾಯಿಂಗ್ ಮೇಷ್ಟ್ರ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವಾಗಲೋ ಉಳಿ ಜಾರಿ ಹೋದದ್ದು. ಮಿಕ್ಕ ಉಗುರುಗಳ ಸಂದಿಯಲ್ಲಿ ಅಚ್ಚಿನ ಮಸಿ. ಆ ಕೈಯಲ್ಲೇ ಮಂಡಕ್ಕಿ ತಿನ್ನುತ್ತಿದ್ದರು, ನಮಗೂ ಕೊಡುತ್ತಿದ್ದರು. ಕಾಲೇಜು ಮುಗಿಸಿದ ಮೇಲೂ ನಾವು ನಾಲ್ಕು ಜನ ಭಾನುವಾರ ಶಿಕಾರಿಪುರದ ಅವರ ಮನೆಗೆ ಹೋಗಿ ಮರದ ಹಲಗೆ ಕೆತ್ತುತ್ತಿದ್ದೆವು. ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದರೆ ಚಿತ್ರ ಮೂಡುತ್ತಿತ್ತು.

ಯುದ್ಧ ಕಂಡು ತತ್ತರಿಸಿದ ಜರ್ಮನಿಯ ಕಲಾವಿದರು ಹೀಗೆಯೇ ಕೆತ್ತಿದ ಮುಖಗಳನ್ನು ಮೇಷ್ಟ್ರು ನಮಗೆ ತೋರಿಸುತ್ತಿದ್ದರು. ಗುಳಿಬಿದ್ದ ಕಣ್ಣು, ಒರಟು ಗೆರೆ. “ಕಂಡದ್ದನ್ನ ಫೋಟೋದೋನು ತೆಗೀತಾನೆ. ಎದೆ ಒಳಗೆ ಆದದ್ದನ್ನ ನೀವು ಕೆತ್ರಿ” ಎನ್ನುತ್ತಿದ್ದರು. ನನ್ನ ಕೆತ್ತನೆ ನೋಡಿ, “ಇದೇನವ್ವ, ಮದುವಿ ಕಾರ್ಡಾ?” ಎಂದು ಎಲ್ಲರನ್ನೂ ನಗಿಸುತ್ತಿದ್ದರು.

ಕಳೆದ ವರ್ಷ ಸೊರಬದಿಂದ ಜಡೆ ಊರಿಗೆ ಹೋಗುವಾಗ ನಾನಿದ್ದ ಬಸ್ಸು ಕೆರೆಗೆ ಉರುಳಿತು. ಒಡೆದ ಕಿಟಕಿಯಿಂದ ಅರ್ಧ ಹೊರಬಂದಿದ್ದೆ. ಒಳಗಿಂದ ಒಬ್ಬ ಹೆಂಗಸು ನನ್ನ ಮಣಿಕಟ್ಟು ಹಿಡಿದಳು. ಆಕೆಯ ಎಡಗೈ ಮೇಲೆ ಚೇಳಿನ ಹಚ್ಚೆ, ಅದಕ್ಕೊಂದು ಕಾಲು ಕಮ್ಮಿ. ನೀರು ಗಲ್ಲಕ್ಕೆ ಬಂತು. ನಾನು ಕೈ ಕೊಡವಿದೆ. ಆಕೆ ಬದುಕಲಿಲ್ಲ. ಈಗಲೂ ಅನ್ನ ಕಲಸುವಾಗ, ಬಟ್ಟೆ ಹಿಂಡುವಾಗ, ಆ ಕೈ ಕೊಡವುತ್ತಲೇ ಇರುತ್ತೇನೆ.

ಇದನ್ನು ಹೇಳಿದ್ದು ಮೇಷ್ಟ್ರೊಬ್ಬರಿಗೇ. ಉಳಿ ಕೆಳಗಿಟ್ಟು ಕೇಳಿದರು. “ನನ್ನ ಹತ್ರಾನೇ ಇರ್ತತಿ, ಅಳಬ್ಯಾಡವ್ವ” ಎಂದರು.

ನಾಲ್ಕು ತಿಂಗಳಿಗೆ ಕಾಲೇಜಿನಲ್ಲಿ ಅವರ ಪ್ರದರ್ಶನ. ಒಳಗೆ ಕಾಲಿಟ್ಟರೆ ಎದುರಿನ ಗೋಡೆಯಲ್ಲೇ ಎರಡು ದೊಡ್ಡ ಕೈಗಳು. ಒಂದು ಹಿಡಿದಿದೆ, ಇನ್ನೊಂದು ಕೊಸರಿಕೊಳ್ಳುತ್ತಿದೆ. ಹಲಗೆಯಲ್ಲಿದ್ದದ್ದು ಕಾಗದದ ಮೇಲೆ ಎಡಬಲವಾಗುತ್ತದೆ. ಸುಮ್ಮನೆ ಕೆತ್ತಿದ್ದರೂ ಹಚ್ಚೆ ಬಲಗೈಗೆ ಹೋಗಿ ಗುರುತು ತಪ್ಪುತ್ತಿತ್ತು. ಅವರು ಲೆಕ್ಕ ಹಾಕಿ ತಿರುಗಿಸಿ ಕೆತ್ತಿ, ಒಂದು ಕಾಲಿಲ್ಲದ ಚೇಳನ್ನು ಎಡಗೈ ಮೇಲೇ ಕೂರಿಸಿದ್ದರು.

ತೀರಿಹೋದ ಹೆಂಗಸಿನ ಮಗಳು ಅದೇ ಕಾಲೇಜಿನವಳು. ಚಿತ್ರದ ಮುಂದಿನಿಂದ ಕದಲಲಿಲ್ಲ.

“ಸಾರ್, ಇದು ನಮ್ಮವ್ವನ ಕೈ.”

“ನನ್ನ ಕಲ್ಪನೆ ಕಣವ್ವ.”

“ಕಾಲು ಕಮ್ಮಿ ಇರೋದೂ ಕಲ್ಪನೇನಾ ಸಾರ್?”

ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ಹುಡುಗಿಯೂ ನನ್ನ ಕಡೆ ತಿರುಗಿದಳು.

ಹೇಳಿದೆ. ಹೇಳದೆ ದಾರಿಯಿರಲಿಲ್ಲ.

“ಅವ್ವ ಏನಾದ್ರೂ ಅಂದ್ಲಾ?”

“‘ತಂಗಿ, ಬಿಡಬ್ಯಾಡ’ ಅಂದ್ರು.”

ಅವಳು ಬೈಯಲಿಲ್ಲ. ಬ್ಯಾಗು ಎದೆಗವಚಿಕೊಂಡು ಹೊರಟುಹೋದಳು. ಮೇಷ್ಟ್ರು ಹತ್ತಿರ ಬಂದು, “ಈಗ ಹಗುರಾತಲ್ಲವ್ವ?” ಎಂದರು.

“ಯಾರಿಗೆ ಸಾರ್?” ಎಂದೆ. ಅದೇ ಕೊನೆಯ ಮಾತು. ಮತ್ತೆ ನಾನು ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ.

ಮೊನ್ನೆ ಎದೆನೋವೆಂದು ಮಲಗಿದವರು ಏಳಲಿಲ್ಲ. ಸಂತಾಪ ಸಭೆಯಲ್ಲಿ ಎಲ್ಲರೂ ಅವರ ದೊಡ್ಡ ಮನಸ್ಸಿನ ಬಗ್ಗೆ ಮಾತಾಡಿದರು. ನನ್ನನ್ನೂ ಕರೆದರು. ಎದ್ದು ನಿಂತೆ. “ಉಳಿ ಹಿಡಿಯೋದನ್ನ ಅವರೇ ಕಲಿಸಿದ್ದು” ಎಂದೆ. ಮುಂದಿನ ಮಾತಿಗೆ ಜನ ಕಾದರು. ನಾನು ಕೂತೆ.