ಬಟ್ಟೆ ಕಟ್ಟದ ಕೈ

ಇದನ್ನು ಕಟ್ಟುಕಥೆ ಎನ್ನುವವರು ಬಂದು ನನ್ನ ಎಡಗೈ ನೋಡಲಿ. ಅಕ್ಷರ ನನಗೆ ಅಷ್ಟಕ್ಕಷ್ಟೆ. ಕಂಡದ್ದನ್ನು ಬಿಟ್ಟು ಬೇರೆ ಬರೆಯಲು ಬರುವುದಿಲ್ಲ.

ಐವತ್ತರ ದಶಕ. ಗಂಡನಿಗೆ ನಾಗಪುರದಲ್ಲಿ ರೈಲ್ವೆ ಕೆಲಸ, ನನಗೆ ಕೂಲಿ. ಆ ಬೇಸಿಗೆಯ ಬಿರುಗಾಳಿಗೆ ಸಿವಿಲ್ ಲೈನ್ಸ್‌ನ ಮರಗಳು ಬುಡಸಮೇತ ಮಲಗಿದ್ದವು. ಒಂದು ಬಂಗಲೆಯ ಹಿಂದೆ ಮಾಲಿಯ ಮನೆ ಕುಸಿದಿತ್ತು. ಮಣ್ಣು, ಹಂಚು ತೆಗೆಯಲು ಹೆಂಗಸರು ಸಾಲಾಗಿ ನಿಂತೆವು. ಬುಟ್ಟಿ ಕೈಯಿಂದ ಕೈಗೆ ಹೋಗಬೇಕು. ಬಳೆ ಒಡೆದರೆ ಗಂಡನಿಗೆ ಕೇಡೆಂದು ಎಲ್ಲರೂ ಮುಂಗೈಗೆ ಬಟ್ಟೆ ಬಿಗಿದುಕೊಂಡಿದ್ದೆವು. ಹಾಗಾಗಿ ಸಾಲಿನಲ್ಲಿ ಬಳೆಯ ಸದ್ದೇ ಇರಲಿಲ್ಲ.

ಮಾಲಿ ದೂರ ಕೂತು ಬೀಡಿ ಸೇದುತ್ತಿದ್ದ. ಹೆಂಡತಿ ಗಾಳಿಯ ಹಿಂದಿನ ದಿನವೇ ತವರಿಗೆ ಹೋದಳು ಎಂದಿದ್ದ. ಆದರೆ ಮಣ್ಣಿನಲ್ಲಿ ಅವಳ ಕುಂಕುಮದ ಭರಣಿ ಸಿಕ್ಕಿತ್ತು. ಅದನ್ನು ಬಿಟ್ಟು ಯಾವಳು ತವರಿಗೆ ಹೋಗುತ್ತಾಳೆ?

ಕತ್ತಲಾಯಿತು. ಕಂದೀಲು ಹಚ್ಚಿದರು. ಮುರಿದ ಗೋಡೆಯ ಆಚೆ, ಬೆಳಕು ಮುಟ್ಟದ ಕಡೆ, ನನ್ನ ಮೈದುನನ ಹೆಂಡತಿ ಕಾಶವ್ವ ಬುಟ್ಟಿ ತುಂಬಿ ಕೊಡುತ್ತಿದ್ದಳು. ತೆಗೆದುಕೊಳ್ಳುವವಳು ನಾನು.

ಒಂದು ಬುಟ್ಟಿ ಬಂತು. ಜೊತೆಗೆ... ಝಣ್.

"ಕಾಶಿ, ಬಟ್ಟಿ ಬಿಚ್ಚಿಯೇನ? ಬಳಿ ಒಡದ್ರ ನನ್ನ ಮೈದುನನ ಗತಿ ಏನ?"

ಹಸಿ ಮಣ್ಣಿನ ವಾಸನೆಯೊಳಗೆ ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಇನ್ನೊಂದು ಬುಟ್ಟಿ. ಝಣ್...

ನನ್ನ ಬೆನ್ನ ಹಿಂದಿನಿಂದ ಕಾಶವ್ವ ತಂಬಿಗೆ ಹಿಡಿದು ಬಂದಳು.

"ಯಕ್ಕಾ, ನೀರ ಕುಡಿ. ಆಗಿಂದ ಯಾರ ಕೂಡ ಮಾತಾಡಾಕತ್ತಿ?"

ನನ್ನ ಕೈಯಲ್ಲಿ ತುಂಬಿದ ಬುಟ್ಟಿಯಿತ್ತು.

ನಮ್ಮ ಕೂಲಿಯವರ ಮುಕಾದಮ ಗದಗದ ಕಡೆಯವನು. ಅವನಿಗೆ ಹೇಳಿದೆ. "ಒಳಗ ಆ ಹೆಣ್ಣಮಗಳು ಅದಾಳ. ತಳದ ತನಕ ಅಗಸ್ರಿ."

"ಮಾಲಿ ಹೇಳ್ಯಾನಲ್ಲ, ತವರಿಗೆ ಹೋಗ್ಯಾಳಂತ. ಮ್ಯಾಲಿಂದ ತಗದು ಸಪಾಟ ಮಾಡಿದ್ರ ಸಾಕು. ನಿನಗ್ಯಾಕ ಪಂಚಾಯ್ತಿ? ಜಲ್ದಿ ನಡಿ."

"ಹಂಗಿದ್ರ ಅವನ ಬಂದು ಗುದ್ದಲಿ ಹಿಡೀಲಿ."

ಮಾಲಿ ಏಳಲಿಲ್ಲ. ಬೀಡಿ ಆರಿತ್ತು. ಆದರೂ ಸೇದುತ್ತಲೇ ಇದ್ದ.

ನಾವೇ ಅಗೆದೆವು, ಹಾಸುಗಲ್ಲು ಕಾಣುವ ತನಕ. ಯಾರೂ ಇರಲಿಲ್ಲ. ಮುಕಾದಮ ನಕ್ಕ. ತಿರುಗಿ ನೋಡಿದರೆ ಮಾಲಿಯೂ ಇರಲಿಲ್ಲ. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ. ಅವಳನ್ನೂ.

ಮನೆಗೆ ಬಂದು ಮುಂಗೈಯ ಬಟ್ಟೆ ಬಿಚ್ಚಿದೆ. ಗಂಟು ನಾನು ಹಾಕಿದ್ದೇ. ಒಳಗೆ ನನ್ನ ಕೆಂಪು ಬಳೆಗಳ ನಡುವೆ ಒಂದು ಹಸಿರು ಬಳೆ.

ಗಂಡ ತೀರಿದಾಗ ಬಳೆ ಒಡೆದರು. ಕೆಂಪಿನವೆಲ್ಲ ಹೋದವು. ಹಸಿರಿನದನ್ನು ಕಲ್ಲಿಗೆ ಕುಟ್ಟಿದರೂ ಬಿರಿಯಲಿಲ್ಲ. ಈಗಲೂ ಎಡಗೈಯಲ್ಲಿದೆ. ಮಲಗಿ ಮಗ್ಗಲು ಬದಲಿಸಿದರೆ ಝಣ್ ಎನ್ನುತ್ತದೆ.

ಇರುವುದು ಒಂದೇ ಬಳೆ... ಅದು ಯಾವುದಕ್ಕೆ ತಾಗುತ್ತದೆ?