ಕ್ಯಾಸೆಟ್ಟಿಗಲ್ಲ, ನಿಮಗೆ

ಬಂಟ್ವಾಳದ ನಮ್ಮ ಪತ್ರಿಕಾ ಕಚೇರಿಯಲ್ಲಿ ಹೊಸಬರಿಗೆ ಮೊದಲು ಕಲಿಸುತ್ತಿದ್ದ ಶಬ್ದ ‘ರಂಜಿಸಿತು’. ಯುವಕ ಮಂಡಲದ ವಾರ್ಷಿಕೋತ್ಸವ ಎಲ್ಲೇ ಇರಲಿ, ವೇದಿಕೆಯಲ್ಲಿದ್ದವರ ಹೆಸರುಗಳನ್ನೆಲ್ಲ ಬರೆದ ಮೇಲೆ ‘ಬಳಿಕ ನಡೆದ ರಸಮಂಜರಿ ಜನಮನ ರಂಜಿಸಿತು’ ಎಂಬ ಸಾಲು ಸೇರಿಸಿದರೆ ವರದಿ ಮುಗಿಯಿತು. ರಸಮಂಜರಿ ಎಂದರೆ ಆರ್ಕೆಸ್ಟ್ರಾ. ವರದಿಗಾರ ಅದನ್ನು ಕೇಳಿರಬೇಕೆಂದಿಲ್ಲ. ಸಭೆ ಮುಗಿದೊಡನೆ ಬಸ್ಸು ಹಿಡಿದು ಬಂದರೆ, ಅಲ್ಲಿ ಇನ್ನೂ ಹಲೋ ಹಲೋ ಎಂದು ಮೈಕ್ ಪರೀಕ್ಷೆ ಮಾಡುತ್ತಿರುವಾಗಲೇ ಇಲ್ಲಿ ಜನಮನ ರಂಜಿಸಿ ಆಗಿರುತ್ತಿತ್ತು.

ಒಂದು ತಂಡದ ಬಗ್ಗೆ ಮಾತ್ರ ನಾನು ಆ ಶಬ್ದ ಬಳಸುತ್ತಿರಲಿಲ್ಲ. ಕೊನೆಯ ಹಾಡಿನವರೆಗೆ ಕುಳಿತು ಏನು ಹಾಡಿದರು, ಯಾರು ನುಡಿಸಿದರು ಎಂದು ಬರೆಯುತ್ತಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಅದರಲ್ಲಿ ಮುಕ್ಕಾಲು ಪಾಲು ಹೊಡೆದುಹಾಕುತ್ತಿದ್ದರು. “ಇದರಲ್ಲಿ ಅಧ್ಯಕ್ಷರು ಎಲ್ಲಿ ಮಾರಾಯ? ಕಾಂಗೋ ಬಾರಿಸುವವ ಅಧ್ಯಕ್ಷತೆ ವಹಿಸಿದ್ನಾ?” ಎಂದು ಒಮ್ಮೆ ಕೇಳಿದ್ದರು.

ಆ ತಂಡವನ್ನು ನಾನು ಮೊದಲು ಕೇಳಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಲಾಯಿಲದ ಒಂದು ಮೈದಾನದಲ್ಲಿ. ಜೊತೆಗೆ ಗೆಳೆಯನಿದ್ದ. ನಮ್ಮೂರು ಗುರುವಾಯನಕೆರೆಯಲ್ಲಿ ಅವನಿಗೆ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ. ಅವನ ಮನೆಮಾತು ಬ್ಯಾರಿ, ನಾವಿಬ್ಬರೂ ಮಾತಾಡುವುದು ತುಳು. ಇಲ್ಲಿ ಅವನ ಮಾತುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ. ತಂಡ ಕಟ್ಟಿದವರನ್ನು ಎಲ್ಲರೂ ಮಾಸ್ಟ್ರು ಎನ್ನುತ್ತಿದ್ದರು. ಅವರು ಮೂಡುಬಿದಿರೆಯಲ್ಲಿ ಹಾರ್ಮೋನಿಯಂ ಪಾಠ ಹೇಳುತ್ತಿದ್ದರು. ಸ್ಟೇಜಿನ ಮೇಲೆ ಕೀಬೋರ್ಡ್ ನುಡಿಸುತ್ತ ಅವರೇ ಹಾಡುತ್ತಿದ್ದರು.

ಬೇರೆ ತಂಡಗಳಂತೆ ಅವರೂ ಸಿನಿಮಾ ಹಾಡುಗಳನ್ನೇ ಹಾಡುತ್ತಿದ್ದರು. ಆದರೆ ಕೊನೆಯದು ಅವರದೇ ಹಾಡು. ತುಳುವಿನಲ್ಲಿ ಮಾಸ್ಟ್ರೇ ಕಟ್ಟಿದ್ದು. ಮೂರು ದಾರಿ ಸೇರುವ ಒಂದು ಪೇಟೆಯಲ್ಲಿ ಒಬ್ಬ ಕಡೆಯ ಬಸ್ಸಿಗೆ ಕಾಯುತ್ತಾನೆ. ಬಸ್ಸು ಬರುತ್ತದೆ, ಎಲ್ಲರೂ ಇಳಿಯುತ್ತಾರೆ, ಅವಳು ಇಳಿಯುವುದಿಲ್ಲ. ಅಷ್ಟೇ. ಮೂರು ದಾರಿ ಎಂದರೆ ನಮ್ಮ ಗುರುವಾಯನಕೆರೆಯೇ ಎಂದು ನಾವಿಬ್ಬರೂ ತೀರ್ಮಾನಿಸಿದ್ದೆವು.

ಆ ಹಾಡಿಗೆ ಮೊದಲು ಮಾಸ್ಟ್ರು ಕೈ ನಿಲ್ಲಿಸಿ, ಮೈಕನ್ನು ಹತ್ತಿರ ಎಳೆದುಕೊಂಡು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: “ಟೇಪ್ ರೆಕಾರ್ಡರ್ ತಂದವರು ದಯಮಾಡಿ ಬಂದ್ ಮಾಡಿ. ಇದು ಕ್ಯಾಸೆಟ್ಟಿಗಲ್ಲ, ನಿಮಗೆ.” ಮೈದಾನ ಗಪ್‌ಚಿಪ್ ಆಗುತ್ತಿತ್ತು. ಹೊರಡಲು ಎದ್ದವರೂ ಕುಳಿತುಕೊಳ್ಳುತ್ತಿದ್ದರು. ಕಾಂಗೋ ನುಡಿಸುವವನು ಕೈ ಕಟ್ಟಿ ಕೂರುತ್ತಿದ್ದ. ಬರೀ ಕೀಬೋರ್ಡು ಮತ್ತು ಆ ಸ್ವಲ್ಪ ಒಡೆದ ಸ್ವರ. ಸುದ್ದಿಮನೆಯಲ್ಲಿ ಕೆಲಸ ಮಾಡುವವನಿಗೆ ‘ಪ್ರಕಟಣೆಗೆ ಅಲ್ಲ’ ಎಂದು ಯಾರಾದರೂ ನಂಬಿ ಹೇಳಿದ ಮಾತಿಗೆ ಒಂದು ಬೆಲೆ ಉಂಟು. ನಾನು ಅದನ್ನು ಅದೇ ಬಗೆಯ ಮಾತೆಂದು ತಿಳಿದೆ. ವರದಿಯಲ್ಲಿ ಕೂಡ ಆ ಹಾಡಿನ ಒಂದು ಸಾಲನ್ನೂ ಎತ್ತಿ ಬರೆಯಲಿಲ್ಲ.

ಆ ದಶಕದ ಕೊನೆಗೆ ಗೆಳೆಯ ಅಂಗಡಿ ಮುಚ್ಚಿ ದುಬೈಗೆ ಹೋದ. ಹೋಗುವಾಗ ತನ್ನ ಒಳ್ಳೆಯ ಟೇಪ್ ರೆಕಾರ್ಡರನ್ನು ನನ್ನ ಕೈಗೆ ಕೊಟ್ಟ. “ಬೇರೆ ಎಂತದೂ ಬೇಡ. ಆ ಬಸ್ಸಿನ ಹಾಡು ಒಂದು ತುಂಬಿಸಿ ಕಳಿಸು.”

“ಅದನ್ನು ತುಂಬಿಸ್ಲಿಕ್ಕೆ ಇಲ್ಲ ಅಂತ ಅವರು ಹೇಳುವುದು ನೀನು ಕೇಳಿದ್ದಿಯಲ್ಲ?”

“ನಾನೆಂತ ಮಾರ್ಲಿಕ್ಕುಂಟಾ? ರೂಮಿನಲ್ಲಿ ಮಲಗಿಕೊಂಡು ಕೇಳ್ಲಿಕ್ಕೆ.”

ಸಿದ್ಧಕಟ್ಟೆಯಲ್ಲಿ ತಂಡದ ಕಾರ್ಯಕ್ರಮ ಇದ್ದಾಗ ಟೇಪ್ ರೆಕಾರ್ಡರನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಕುಳಿತೆ. ಚೀಲದೊಳಗೆ ಕೈ ಹಾಕಿ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಮಾಸ್ಟ್ರು ಮೈಕ್ ಎಳೆದುಕೊಂಡು ಆ ಮಾತು ಹೇಳಿದರು. ಹೇಳುವಾಗ ನನ್ನ ಕಡೆಗೇ ನೋಡಿದಂತೆ ಅನ್ನಿಸಿತು. ಕೈ ಹೊರಗೆ ತೆಗೆದೆ.

ಮುಂದಿನ ಸಲ ಗೆಳೆಯ ಪೇಟೆಯ ಹೋಟೆಲಿನ ಫೋನಿಗೆ ಕರೆ ಮಾಡಿದಾಗ ಆಗಲಿಲ್ಲ ಎಂದೆ. ಯಾಕೆಂದೂ ಹೇಳಿದೆ. “ಆಯ್ತು. ನಿನಗೆ ಮಾಸ್ಟ್ರೇ ದೊಡ್ಡ ಜನ,” ಎಂದ. ಮತ್ತೆ ಎಂದೂ ಆ ಹಾಡಿನ ಸುದ್ದಿ ಎತ್ತಲಿಲ್ಲ. ನಾನು ಅವನ ಕೇಳಿಕೆಯನ್ನು ತಳ್ಳಿಹಾಕಿದ್ದೆ, ಆದರೆ ಒಂದು ನಿಯಮಕ್ಕಾಗಿ ತಳ್ಳಿಹಾಕಿದ್ದೆ. ಆ ನಿಯಮ ನಿಜವಾಗಿರುವಷ್ಟು ದಿನ ನನ್ನ ತಲೆ ಎತ್ತಿಯೇ ಇತ್ತು.

ವರ್ಷಗಳು ಹೋದವು. ಕಾಂಗೋ ನುಡಿಸುವವನು ತಂಡ ಬಿಟ್ಟ. ಆ ಜಾಗಕ್ಕೆ ರಿದಂ ಪ್ಯಾಡ್ ಬಂತು. ಆಮೇಲೆ ಆ ಪ್ಯಾಡಿನ ಕೆಲಸವನ್ನೂ ಕೀಬೋರ್ಡೇ ಮಾಡತೊಡಗಿತು. ಯುವಕ ಮಂಡಲಗಳು ಕಡಿಮೆ ಕರೆದವು, ಮದುವೆ ಹಾಲ್‌ಗಳು ಹೆಚ್ಚು ಕರೆದವು. ನನಗೆ ಕನ್ನಡಕ ಬಂತು, ಸೊಂಟ ನೋವು ಬಂತು. ಪರಿಚಯ ಅರ್ಧಂಬರ್ಧ ಇದ್ದವರ ಮದುವೆಗಳಿಗೂ ಬಂಟ್ವಾಳಕ್ಕೆ, ಬೆಳ್ತಂಗಡಿಗೆ ಹೋಗುತ್ತಿದ್ದೆ. ಹೆಂಡತಿ ಒಮ್ಮೆ ಸೀರೆಯ ನೆರಿಗೆ ಸರಿಮಾಡುತ್ತ, “ಇವತ್ತು ಮದುಮಗನ ಕಡೆಯವರಾ, ಮದುಮಗಳ ಕಡೆಯವರಾ, ಅಲ್ಲ ಕೀಬೋರ್ಡಿನ ಕಡೆಯವರಾ ನಾವು?” ಎಂದು ಕೇಳಿದಳು. ಊಟದ ಗದ್ದಲದಲ್ಲಿ ಆ ಕೊನೆಯ ಹಾಡನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ಮಾಸ್ಟ್ರು ಟೇಪ್ ರೆಕಾರ್ಡರ್ ಬಂದ್ ಮಾಡಲು ಹೇಳುತ್ತಿದ್ದರು. ಆಗ ಯಾರ ಕೈಯಲ್ಲೂ ಟೇಪ್ ರೆಕಾರ್ಡರ್ ಇರುತ್ತಿರಲಿಲ್ಲ. ಅದು ನನಗೆ ಇನ್ನಷ್ಟು ಇಷ್ಟವಾಗುತ್ತಿತ್ತು.

ಎರಡು ಸಾವಿರದ ದಶಕದ ನಡುವಿನ ಒಂದು ವರ್ಷ ಗೆಳೆಯ ರಜೆಯಲ್ಲಿ ಬಂದಿದ್ದ. ಗುರುವಾಯನಕೆರೆಯ ಹೋಟೆಲಿನಲ್ಲಿ ಗೋಳಿಬಜೆ ಮುಂದಿಟ್ಟುಕೊಂಡು ಕುಳಿತಿದ್ದೆವು. ಬೆಳ್ತಂಗಡಿ ಕಡೆಯಿಂದ ಮೈಕ್ ಕಟ್ಟಿದ ಜೀಪೊಂದು ಬಂತು. ಮೂಡುಬಿದಿರೆಯಲ್ಲಿ ಹೊಸ ಪೀಠೋಪಕರಣ ಮಳಿಗೆಯ ಉದ್ಘಾಟನೆಯ ಪ್ರಚಾರ. ಕೀಬೋರ್ಡಿನ ಮೊದಲ ನಾಲ್ಕು ಸ್ವರ ಕೇಳಿದೊಡನೆ ನನ್ನ ಕೈ ನಿಂತಿತು. ಅದೇ ಹಾಡು. ಅದೇ ಒಡೆದ ಸ್ವರ. ಮೂರು ದಾರಿಯ ಪೇಟೆಗೆ ಬಸ್ಸು ಬಂತು, ಎಲ್ಲರೂ ಇಳಿದರು, ಇಳಿದವರೆಲ್ಲ ಸೋಫಾ ಸೆಟ್ ನೋಡಲು ಹೋದರು.

ಜೀಪು ಪೇಟೆಗೆ ಒಂದು ಸುತ್ತು ಹೊಡೆದು ಮೂಡುಬಿದಿರೆಯ ದಾರಿ ಹಿಡಿಯಿತು. ಗೆಳೆಯ ಜೀಪನ್ನು ನೋಡಲಿಲ್ಲ, ನನ್ನ ಮುಖ ನೋಡಿದ. ನನಗೆ ಅದು ಕಂಡಿತು, ಅರ್ಥವಾಗಲಿಲ್ಲ.

“ಪಾಪ, ಅವಳು ಇಷ್ಟು ವರ್ಷ ಇಳಿಯದೆ ಇದ್ದದ್ದು ಸೋಫಾ ಇಲ್ಲದ್ದಕ್ಕೆ,” ಎಂದ.

ನಾನು ನಗಲಿಲ್ಲ. ಅವನು ನನ್ನ ತಟ್ಟೆಗೆ ಚಟ್ನಿ ಬಡಿಸಿ, “ತಿನ್ನು, ತಣಿಯುತ್ತದೆ,” ಎಂದ.

ಉದ್ಘಾಟನೆಯ ವರದಿಗೆ ನಾನೇ ಹೋದೆ. ಒಂದು ಕಡೆಯ ಮಾತು ಮಾತ್ರ ಕೇಳಿ ಬರೆಯಬಾರದು, ಯೋಚಿಸಲೂ ಬಾರದು. ಮಳಿಗೆಯ ಎದುರು ಶಾಮಿಯಾನ ಹಾಕಿದ್ದರು. ಸಭೆ ಮುಗಿದು, ಹಾಡೂ ಮುಗಿದು ಜನ ಒಳಗೆ ಹೋದ ಮೇಲೆ ಮಾಸ್ಟ್ರು ವಯರ್ ಸುತ್ತುತ್ತಿದ್ದರು. ತಲೆ ಪೂರ್ತಿ ನರೆತಿತ್ತು.

“ಓಹೋ, ಬನ್ನಿ ಬನ್ನಿ. ನಮ್ಮ ಹಳೇ ಅಭಿಮಾನಿ. ಜ್ಯೂಸ್ ಕುಡಿದ್ರಾ?”

ಜೀಪಿನ ಹಾಡಿನ ಬಗ್ಗೆ ಕೇಳಿದೆ. ಅದು ಕ್ಯಾಸೆಟ್ಟಿಗಲ್ಲ ಎಂದು ನೀವು ಹೇಳುತ್ತಿದ್ದಿರಲ್ಲ ಎಂದೆ.

ಅವರಿಗೆ ಒಂದು ಗಳಿಗೆ ನೆನಪಾಗಲಿಲ್ಲ. ನೆನಪಾದಾಗ ಮನಸ್ಸು ಬಿಚ್ಚಿ ನಕ್ಕರು. “ಅದಾ? ಅದು ಹಾಗೆ ಹೇಳುವುದು. ಕೊನೆಗೆ ಜನ ಎದ್ದು ಹೋಗ್ತಾರೆ ನೋಡಿ. ಹಾಗೆ ಹೇಳಿದ್ರೆ ಕೂರ್ತಾರೆ.”

“ಹಾಗಾದರೆ ರೆಕಾರ್ಡ್ ಮಾಡಿದ್ದು ಈಗ ಮೊದಲ ಸಲವಾ?”

“ಎಲ್ಲಿ? ಅದು ತಂಡ ಶುರುವಾದ ಎರಡನೇ ವರ್ಷವೇ ತುಂಬಿಸಿ ಇಟ್ಟದ್ದು. ಗಲ್ಫಿಗೆ ಹೋಗುವವರು ಸ್ಟೇಜಿನ ಹಿಂದೆ ಬಂದು ಕೇಳ್ತಿದ್ರು, ಕೊಡ್ತಿದ್ದೆವು. ಸುಮಾರು ಜನ ಕೊಂಡುಹೋಗಿದ್ದಾರೆ.” ವಯರ್ ಸುತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಎಲ್ಲರಿಗೂ ಗೊತ್ತಿದ್ದದ್ದು ಮಾರಾಯ್ರೇ. ಪೇಪರಿನವರಿಗೆ ಗೊತ್ತಿಲ್ವಾ? ನೀವು ಒಮ್ಮೆಯೂ ಕೇಳಲೇ ಇಲ್ಲವಲ್ಲ.”

ಅವರಲ್ಲಿ ಕುಚೋದ್ಯವಿರಲಿಲ್ಲ. ನಿಜಕ್ಕೂ ಆಶ್ಚರ್ಯಪಟ್ಟಿದ್ದರು. ಮೋಸ ಮಾಡಿದವರು ತಾವು ಮೋಸ ಮಾಡಿದ್ದೇವೆಂದು ತಿಳಿದಿದ್ದರೆ ಕೇಳುವವನಿಗೆ ಏನಾದರೂ ಆಧಾರ ಇರುತ್ತದೆ. ಇಲ್ಲಿ ಅದೂ ಇರಲಿಲ್ಲ. ಕೇಳಿದವರಿಗೆಲ್ಲ ಸಿಕ್ಕಿತ್ತು, ನಂಬಿದವನಿಗೆ ಸಿಕ್ಕಿರಲಿಲ್ಲ. ಈಗ ಬೇಕಾದರೆ ಸಿ.ಡಿ. ಉಂಟು ಎಂದರು. ಬೇಡ ಎಂದೆ.

ಮಧ್ಯಾಹ್ನದ ಬಸ್ಸಿನಲ್ಲಿ ಗುರುವಾಯನಕೆರೆಗೆ ಬಂದೆ. ಗೆಳೆಯ ತನ್ನ ಹಳೇ ಅಂಗಡಿಯ ಜಗಲಿಯಲ್ಲಿ ಕುಳಿತಿದ್ದ. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಮಾಸ್ಟ್ರು ಹೇಳಿದ್ದನ್ನು ಒಂದು ಶಬ್ದ ಬಿಡದೆ ಅವನಿಗೆ ಹೇಳಿದೆ. ಅವನು ಕೊನೆಯವರೆಗೆ ಕೇಳಿದ.

“ನನಗೆ ಗೊತ್ತಿತ್ತು,” ಎಂದ.

“ಯಾವಾಗಿನಿಂದ?”

“ಅಲ್ಲಿಗೆ ಹೋದ ವರ್ಷವೇ. ಪಕ್ಕದ ರೂಮಿನ ಬಂಟ್ವಾಳದವರ ಹತ್ತಿರ ಇತ್ತು. ಇನ್ನೊಂದು ತುಂಬಿಸಿಕೊಂಡೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಗೆ ಹೇಳುವುದು? ನೀನು ಫೋನಿನಲ್ಲಿ ಅಷ್ಟು ದೊಡ್ಡ ಭಾಷಣ ಮಾಡಿದ್ದಿ. ರಜೆಯಲ್ಲಿ ಬಂದಾಗಲೆಲ್ಲ ಅವರ ಬಗ್ಗೆಯೇ ಮಾತು. ಇರಲಿ ಅಂತ ಬಿಟ್ಟೆ.”

ಅವನು ಕರುಣೆಯಿಂದ ಹೇಳಿದ್ದ. ಆದರೆ ಅಲ್ಲಿಯವರೆಗೆ ನನಗೆ ಮೋಸವಾದದ್ದು ಒಂದು ಕಡೆಯಿಂದ ಮಾತ್ರ ಎಂದುಕೊಂಡಿದ್ದೆ. ನಾನು ಕಾಪಾಡಿದ ಗುಟ್ಟು ದುಬೈಯ ಒಂದು ರೂಮಿನಲ್ಲಿ ದಿನವೂ ಹಾಡುತ್ತಿತ್ತು, ಮತ್ತು ಅದನ್ನು ಕೇಳುತ್ತ ಮಲಗಿದ್ದವನು ನನ್ನನ್ನು ಮಗುವಿನಂತೆ ನೋಡಿಕೊಂಡಿದ್ದ.

“ನಿನಗೆ ಬೇಕಾ? ಮನೆಯಲ್ಲಿ ಉಂಟು,” ಎಂದ.

ಅವನಿಗೂ ಬೇಡ ಎಂದೆ. ವರದಿ ಕಳಿಸಬೇಕಿತ್ತು. ಮನೆಗೆ ಬಂದು ಬರೆಯಲು ಕುಳಿತೆ. ದೀಪ ಬೆಳಗಿಸಿದವರು, ಸ್ವಾಗತಿಸಿದವರು, ವಂದಿಸಿದವರು, ಎಲ್ಲರ ಹೆಸರುಗಳನ್ನೂ ಬರೆದೆ. ಕೊನೆಗೆ ಒಂದು ಸಾಲಿನ ಜಾಗ ಉಳಿದಿತ್ತು. ಬಳಿಕ ನಡೆದ ರಸಮಂಜರಿ ಜನಮನ ರಂಜಿಸಿತು ಎಂದು ಬರೆದೆ. ಮರುದಿನದ ಪತ್ರಿಕೆಯಲ್ಲಿ ಒಂದು ಅಕ್ಷರವೂ ಹೋಗದೆ ಪೂರ್ತಿ ಅಚ್ಚಾಗಿತ್ತು.