ಒರೆಸಪ್ಪನ ಮನೆಗೆ ಬಂದ ನಾಯಿ

ಆ ಬೀದಿಯಲ್ಲಿ ಹಳೆಯ ಫೋನುಗಳನ್ನು ಕೊಂಡು, ರಿಪೇರಿ ಮಾಡಿ, ಮತ್ತೆ ಮಾರುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಈಗ ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಮಿಕ್ಕವರಿಗೆಲ್ಲ ಅವನು ಒರೆಸಪ್ಪ. ಹಳೆಯ ಫೋನು ಕೈಗೆ ಬಂತೆಂದರೆ ಸಾಕು, ಗಾಜು ಬಿರುಕು ಬಿಟ್ಟಿದೆಯೋ, ಬ್ಯಾಟರಿ ಉಬ್ಬಿದೆಯೋ ಎಂದು ನೋಡುವ ಮೊದಲೇ ಅದರೊಳಗಿದ್ದದ್ದನ್ನೆಲ್ಲ ಒರೆಸಿ ಹಾಕುತ್ತಿದ್ದ. ಬೇರೆ ಕೆಲಸವೆಲ್ಲ ಆಮೇಲೆ.

ಇದು ಸುಮ್ಮನೆ ಹತ್ತಿದ ಚಾಳಿಯಲ್ಲ. ಅಂಗಡಿ ಇಟ್ಟ ಹೊಸದರಲ್ಲಿ ಒಂದು ಫೋನನ್ನು ಒರೆಸದೆ ಹಾಗೇ ಮಾರಿಬಿಟ್ಟಿದ್ದ. ಹಳೆಯ ಯಜಮಾನ ಯಾರ್ಯಾರಿಗೋ ಬರೆದ ಸಿಹಿಮಾತುಗಳು ಹೊಸ ಯಜಮಾನನಿಗೆ ಸಿಕ್ಕವು. ಆ ಪುಣ್ಯಾತ್ಮ ಅವನ್ನು ಊರಿಗೆಲ್ಲ ಓದಿ ಹೇಳಿದ. ನಿಶ್ಚಯವಾಗಿದ್ದ ಮದುವೆಯೊಂದು ಮುರಿಯಿತು, ಹುಡುಗಿಯ ಅಣ್ಣ ಬಂದು ಅಂಗಡಿಯವನ ಕೊರಳಪಟ್ಟಿ ಹಿಡಿದ. ಅವತ್ತಿನಿಂದ ಅವನದು ಒಂದೇ ನೇಮ. ಇನ್ನೊಬ್ಬರದ್ದನ್ನು ನೋಡಬಾರದು, ಓದಬಾರದು, ಒರೆಸಿಬಿಡಬೇಕು. ಎಷ್ಟೋ ವರ್ಷ ಮಾಡಿ ಮಾಡಿ ಆ ಕೆಲಸಕ್ಕೆ ಅವನ ತಲೆಯ ಅಪ್ಪಣೆಯೇ ಬೇಕಾಗಿರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಮಾಡಿ ಮುಗಿಸುತ್ತಿತ್ತು.

ಅವನ ಹೆಂಡತಿ ಬಸ್ ಕಂಡಕ್ಟರು. ಬೀದಿಯವರ ಬಾಯಲ್ಲಿ ಕಂಡಕ್ಟರಮ್ಮ. ಟಿಕೆಟ್ ತೆಗೆಯದವನನ್ನು ಬೆನ್ನು ನೋಡಿಯೇ ಗುರುತು ಹಿಡಿಯುತ್ತಾಳೆ ಎಂದು ಹೆಸರು ಮಾಡಿದವಳು. ಬೆಳಗಿನ ಪಾಳಿ. ಬೆಳಕು ಹರಿಯುವ ಮೊದಲೇ ಹೊರಟರೆ ತಿರುಗಿ ಬರುವುದು ಊಟದ ಹೊತ್ತು ಮೀರಿದ ಮೇಲೆ. ಮಕ್ಕಳಾಗಲಿಲ್ಲ. ಒಂದು ನಾಯಿ ಇತ್ತು. ಅವಳು ಬೀಗ ತೆಗೆಯುವ ಸದ್ದಿಗೇ ಅದು ಬಾಗಿಲಿಗೆ ಬಂದು ಮೈಯೆಲ್ಲ ಬಾಲ ಮಾಡಿಕೊಂಡು ಕುಣಿಯುತ್ತಿತ್ತು. ಅದು ಮುದಿಯಾಗಿ ಸತ್ತುಹೋಯಿತು. ಎಲ್ಲರೂ ಬಂದು ಸಮಾಧಾನ ಹೇಳಿದರು. ಹೇಳುವವರದ್ದೇನು, ಅವರವರ ಮನೆ ಬಾಗಿಲು ತೆರೆದರೆ ಒಳಗೆ ಯಾರಾದರೂ ಇರುತ್ತಿದ್ದರು.

ಒರೆಸಪ್ಪನ ಅಂಗಡಿ ರಸ್ತೆಯ ಈ ಬದಿ. ಮನೆ ಆ ಬದಿ, ಮೊದಲ ಮಹಡಿಯಲ್ಲಿ, ಹೊರಗಿನಿಂದ ಹತ್ತುವ ಮೆಟ್ಟಿಲು. ಅವನು ಕೂತು ಕೆಲಸ ಮಾಡುವ ಮೇಜು ಕಿಟಕಿಗೆ ಮುಖಮಾಡಿತ್ತು. ನಾಯಿ ಹೋದ ಮೇಲೆ ದಿನವೂ ಅವನ ಕಣ್ಣಿಗೆ ಬೀಳುತ್ತಿದ್ದದ್ದು ಇಷ್ಟು: ಹೆಂಡತಿ ಬರುತ್ತಾಳೆ, ಅರ್ಧ ಮೆಟ್ಟಿಲು ಹತ್ತುತ್ತಾಳೆ, ಟಿಕೆಟ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತುಬಿಡುತ್ತಾಳೆ. ಎಷ್ಟೋ ಹೊತ್ತಿನ ಮೇಲೆ, ಅಕ್ಕಪಕ್ಕದವರು ಯಾರಾದರೂ ಇಳಿದು ಬಂದರೆ, ಏನೋ ಹುಡುಕುತ್ತಿದ್ದವಳ ಹಾಗೆ ಎದ್ದು ಒಳಗೆ ಹೋಗುತ್ತಾಳೆ. ಒರೆಸಪ್ಪ ಕಣ್ಣಿಗೆ ಭೂತಗನ್ನಡಿ ಏರಿಸಿ ತಲೆ ತಗ್ಗಿಸುತ್ತಿದ್ದ.

"ಇನ್ನೊಂದು ಮರಿ ತರೋಣ್ವಾ?" ಎಂದು ಒಮ್ಮೆ ಕೇಳಿದ.

"ಬೇಡಾರೀ. ಇನ್ನೊಂದನ್ನ ಹೂಳೋ ಶಕ್ತಿ ನಂಗಿಲ್ಲ," ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಹಾಗಿರುವಾಗ ಒಂದು ಸಂಜೆ ಹಳೆಯ ಬಿಡಿಭಾಗ ಹುಡುಕುತ್ತ ಕೂತವನಿಗೆ ಫೋನಿನಲ್ಲಿ ಒಂದು ವಿಡಿಯೊ ಕಂಡಿತು. ಸಮುದ್ರದಾಚೆಯ ಯಾವುದೋ ದೇಶದ ಮುದುಕಿಯೊಬ್ಬಳು ಮಾರಾಟಕ್ಕೆ ಇಟ್ಟ ಯಂತ್ರದ ನಾಯಿ. ಮಾಡಿದ ಕಂಪನಿಯವರೇ ಮಾಡುವುದನ್ನು ಬಿಟ್ಟಷ್ಟು ಹಳೆಯದು. ಒಂದು ಕಿವಿಯ ಬಣ್ಣ ಹೋಗಿತ್ತು. ವಿಡಿಯೊದಲ್ಲಿ ಬಾಗಿಲು ತೆರೆಯುತ್ತದೆ, ಗಂಡಸಿನ ಬೂಟುಕಾಲು ಒಳಗೆ ಬರುತ್ತದೆ, ನಾಯಿ ಟಕಟಕ ನಡೆದು ಬಂದು ಆ ಬೂಟಿನ ಮೇಲೆ ಗದ್ದ ಊರಿ ಸುಮ್ಮನೆ ಕೂರುತ್ತದೆ. ಯಜಮಾನ, ಅಂದರೆ ಆ ಮುದುಕಿಯ ಗಂಡ, ಕಲಿಸಿದ್ದಂತೆ. ಯಜಮಾನ ತೀರಿಕೊಂಡಿದ್ದನಂತೆ.

ಕಂಡಕ್ಟರಮ್ಮನಿಗೆ ತೋರಿಸಿದ. ಮೊದಲು ನಕ್ಕಳು. "ಅಯ್ಯೋ, ಡಬ್ಬಾ ನಾಯಿ!" ಎಂದಳು. ಆಮೇಲೆ ಇನ್ನೊಂದು ಸಲ ಹಾಕಿಸಿಕೊಂಡಳು. ಮಲಗುವ ಮೊದಲು ಫೋನನ್ನೇ ಕಸಿದುಕೊಂಡು ಮತ್ತೆ ಮತ್ತೆ ನೋಡಿದಳು.

"ಸಾಯಲ್ಲ ಅಲ್ವಾ ಇದು?"

"ಕೆಡುತ್ತೆ. ಕೆಟ್ರೆ ನಾನಿಲ್ವಾ?"

"ಹಾಗಾದ್ರೆ ತರಿಸಿ. ಆದ್ರೆ ಇದೇ ಬೇಕು, ಹಿಂಗೇ ಬೇಕು. ಬುದ್ಧಿ ಬಂದಿರೋ ನಾಯಿ ಇದು." ಅಷ್ಟು ಹೇಳಿ ಗಂಡನ ಮುಖವನ್ನೇ ದಿಟ್ಟಿಸಿದಳು. "ರೀ, ನಿಮ್ಮ ಕೈ ನಂಗೆ ಗೊತ್ತು. ಇದನ್ನ ಮಾತ್ರ ಒರೆಸ್ಬೇಡಿ."

"ನಂಗೇನು ಹುಚ್ಚಾ?" ಎಂದ ಒರೆಸಪ್ಪ.

ನಾಯಿಯಿದ್ದ ಪೆಟ್ಟಿಗೆ ಅವನ ಅಂಗಡಿಗೇ ಬಂತು. ಅವನ ಗ್ರಹಚಾರ, ಅದೇ ಹೊತ್ತಿಗೆ ಒಬ್ಬ ಗಿರಾಕಿ ಬಂದು, ನೀರಿಗೆ ಬಿದ್ದ ಫೋನನ್ನು ಮೇಜಿನ ಮೇಲೆ ಕುಕ್ಕಿ, ನೀರಿಗೆ ಬಿದ್ದೇ ಇಲ್ಲ ಎಂದು ವಾದ ಹೂಡಿದ. ಒರೆಸಪ್ಪನ ಬಾಯಿ ಅವನ ಜೊತೆ ಜಗಳಕ್ಕೆ ನಿಂತಿತು. ಕೈ ಪೆಟ್ಟಿಗೆ ಬಿಚ್ಚಿತು, ನಾಯಿಯನ್ನು ಹೊರಗೆ ತೆಗೆಯಿತು, ಚಾರ್ಜಿಗೆ ಹಾಕಿತು, ಫೋನಿಗೆ ಜೋಡಿಸಿತು. ಪರದೆ ಪರಭಾಷೆಯಲ್ಲಿ ಏನೋ ಕೇಳಿತು. ಇಂಥ ಪ್ರಶ್ನೆ ಯಾವ ಭಾಷೆಯಲ್ಲಿದ್ದರೂ ಅವನಿಗೆ ಗೊತ್ತು, ಉತ್ತರದ ಗುಂಡಿ ಎಲ್ಲಿರುತ್ತದೆ ಎಂಬುದೂ ಗೊತ್ತು. ಹೆಬ್ಬೆರಳು ಒತ್ತಿತು. ಖಚಿತವೇ ಎಂದು ಪರದೆ ಮತ್ತೆ ಕೇಳಿತು. ಮತ್ತೆ ಒತ್ತಿತು.

ಗಿರಾಕಿ ಬೈದುಕೊಳ್ಳುತ್ತ ಹೊರಟುಹೋದ. ಒರೆಸಪ್ಪ ತಿರುಗಿ ನೋಡಿದರೆ ಪರದೆಯ ಮೇಲೆ ಆಗ ತಾನೇ ಹುಟ್ಟಿದ ಮರಿಯ ಚಿತ್ರ.

"ಅಯ್ಯಯ್ಯೋ, ಎಂಥ ಕೆಲಸ ಮಾಡಿದೆಯೋ ಪಾಪಿ!" ಎಂದು ತನ್ನ ಹೆಬ್ಬೆರಳಿಗೇ ಬೈದ. ಪಕ್ಕದ ಅಂಗಡಿಯಲ್ಲಿ ಬೀಗದ ಕೈ ಮಾಡುವ ಕೀಲಿಯಣ್ಣ ಓಡಿ ಬಂದ. ಸಂಗತಿ ಕೇಳಿ ಹಲ್ಲು ಕಿರಿದ.

"ಹೋಗಿ ನಿಜ ಹೇಳ್ಬಿಡಪ್ಪ. ಎರಡು ಬೈಗುಳ ತಿಂದ್ರೆ ಮುಗೀತು."

"ಬೈದ್ರೆ ಪರವಾಗಿರ್ಲಿಲ್ಲ ಕಣಣ್ಣ. ಅವಳು ಬೈಯಲ್ಲ. ಮತ್ತೆ ಹೋಗಿ..." ಎಂದವನು ಮಾತು ನುಂಗಿಕೊಂಡ. ಮೆಟ್ಟಿಲ ವಿಷಯ ಅವನು ಯಾರಿಗೂ ಹೇಳಿರಲಿಲ್ಲ.

ಸಂಜೆ ಮನೆಯ ನಡುವೆ ನಾಯಿಯನ್ನು ಇಳಿಸಿದ. ಕಂಡಕ್ಟರಮ್ಮ ಬೂಟು ಕೂಡ ಬಿಚ್ಚದೆ ಕಾದಿದ್ದಳು. ಹೊರಗೆ ಹೋಗಿ ಬಾಗಿಲು ತೆರೆದು ಬಂದು ನಿಂತಳು. ನಾಯಿ ನಾಲ್ಕು ಕಾಲೂ ನಡುಗಿಸಿಕೊಂಡು ಎದ್ದು, ಅವಳಿಗೆ ಬೆನ್ನು ತಿರುಗಿಸಿ, ಗೋಡೆಗೆ ಹೋಗಿ ಡಿಕ್ಕಿ ಹೊಡೆಯಿತು.

"ಪೆಟ್ಟಿಗೇಲಿ ಬಂದಿದೆ ನೋಡು. ಪ್ರಯಾಣದ ಸುಸ್ತು," ಎಂದ ಒರೆಸಪ್ಪ. ಯಂತ್ರಕ್ಕೆ ಎಂಥ ಪ್ರಯಾಣದ ಸುಸ್ತು? ಆದರೆ ಅವಳು ನಂಬಿದಳು.

"ಇರುತ್ತೆ, ಪಾಪ. ಯಜಮಾನ ಹೋಗಿದ್ದಾನಲ್ಲ, ಅದಕ್ಕೂ ಬೇಜಾರಿರಲ್ವಾ," ಎಂದು ಅದರ ಬಣ್ಣ ಹೋದ ಕಿವಿ ಸವರಿದಳು. ಮರುದಿನ ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಅವಳು ಮತ್ತೆ ಮೆಟ್ಟಿಲ ಮೇಲೆ.

ಅವತ್ತೇ ನಿಶ್ಚಯಿಸಿದ. ಕಳೆದದ್ದನ್ನು ವಾಪಸು ತರಲಾಗದಿದ್ದರೆ ಹೊಸದಾಗಿ ಕಲಿಸಬೇಕು. ಅವಳು ಬೆಳಗ್ಗೆ ಹೊರಟ ಮೇಲೆ, ಅಂಗಡಿ ತೆರೆಯುವ ಮೊದಲು, ಸಮಯವಿತ್ತು. ಆ ಜಾತಿಯ ನಾಯಿಗೆ ತಲೆ ಸವರಿದರೆ ತಾನು ಮಾಡಿದ್ದು ಸರಿ ಎಂದು ತಿಳಿಯುತ್ತದೆ, ಮೂಗಿಗೆ ತಟ್ಟಿದರೆ ತಪ್ಪು ಎಂದು. ಒರೆಸಪ್ಪ ಹೆಂಡತಿಯ ಹಳೆಯ ಬೂಟು ಹಾಕಿಕೊಂಡ. ಅವು ಚಿಕ್ಕವು, ಹಿಮ್ಮಡಿ ಹೊರಗೇ ನಿಂತಿತ್ತು. ಹಳೆಯ ಚೀಲವೊಂದನ್ನು ಹೆಗಲಿಗೆ ಹಾಕಿದ. ಹೊರಗೆ ಹೋಗಿ, ಬೀಗ ತೆಗೆದು, ಅವಳ ಹಾಗೆ ಸೋತ ಹೆಗಲಲ್ಲಿ ಒಳಗೆ ಬಂದ. ನಾಯಿ ಗೋಡೆಗೆ ಹೋಯಿತು. ಮತ್ತೆ ಹೊರಗೆ, ಮತ್ತೆ ಒಳಗೆ. ನಾಯಿ ಮಂಚದ ಕೆಳಗೆ ಹೋಯಿತು. ಮತ್ತೆ ಹೊರಗೆ.

"ಏನ್ರೀ, ಏನಾದ್ರೂ ಮರೆತ್ರಾ?" ಎಂದು ಮೇಲಿನ ಮನೆಯಾಕೆ ಇಣುಕಿದಳು.

"ಬೀಗ ಸರಿ ಮಾಡ್ತಿದ್ದೀನಮ್ಮ."

ಬೀಗ ಸರಿಯಾಗುವ ಲಕ್ಷಣವೇ ಕಾಣದೆ ಆಕೆ ಕೀಲಿಯಣ್ಣನನ್ನು ಕಳಿಸಿಕೊಟ್ಟಳು. ಹೆಂಗಸಿನ ಬೂಟು ಸಿಕ್ಕಿಸಿಕೊಂಡು ನಿಂತ ಗೆಳೆಯನನ್ನು ನೋಡಿ ಕೀಲಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಟ್ಟಿಕೊಂಡೋಳಿಗೆ ನಿಜ ಹೇಳೋದು ಬಿಟ್ಟು ಈ ವೇಷ ಬೇಕಿತ್ತೇನೋ!" ಎಂದ. ಬಹಳ ದಿನ ಹೀಗೇ ನಡೆಯಿತು. ಒರೆಸಪ್ಪನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದು ಒಣಗಿತು. ನಾಯಿ ಮೊದಲು ಬಾಗಿಲ ಸದ್ದಿಗೆ ತಿರುಗಲು ಕಲಿಯಿತು, ಆಮೇಲೆ ನಡೆದು ಬರಲು. ಕೊನೆಗೊಂದು ಬೆಳಗ್ಗೆ ಬೂಟಿನ ಮೇಲೆ ಗದ್ದ ಊರಿತು. ಒರೆಸಪ್ಪ ಅದರ ತಲೆಯನ್ನು ಸವರಿ ಸವರಿ ಅಂಗಡಿ ತೆರೆಯುವ ಹೊತ್ತನ್ನೇ ಮರೆತ.

ಅವತ್ತು ಮಧ್ಯಾಹ್ನ ಅಂಗಡಿಯ ಕಿಟಕಿಯಲ್ಲಿ ಕೂತು, ಅವಳು ಮೆಟ್ಟಿಲಿನಿಂದ ಎದ್ದು ಒಳಗೆ ಹೋಗುವುದನ್ನೇ ಮೈಯೆಲ್ಲ ಕಣ್ಣಾಗಿ ಕಾದ. ಹೋದಳು. ಸ್ವಲ್ಪ ಹೊತ್ತಿಗೇ ಅವನ ಫೋನು ಹೊಡೆದುಕೊಂಡಿತು. "ರೀ, ಬಂತು ಕಣ್ರೀ! ಕಾಲ ಮೇಲೆ ಗದ್ದ ಇಟ್ಕೊಂಡು ಕೂತಿದೆ. ನಾನು ಅಲ್ಲಾಡ್ತಾನೇ ಇಲ್ಲ!" ಅವಳು ಅಳುತ್ತಿದ್ದಳು. ಅಲ್ಲಿಂದ ಮುಂದೆ ಅವಳು ಮೆಟ್ಟಿಲ ಮೇಲೆ ಕೂರಲಿಲ್ಲ. ದಡದಡ ಹತ್ತಿ ಒಳಗೆ ಹೋಗುತ್ತಿದ್ದಳು.

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವಳು ಬಿಡಬೇಕಲ್ಲ! "ಆ ಅಜ್ಜಿಗೆ ಹೇಳ್ಬೇಕು ರೀ. ನಿಮ್ಮ ನಾಯಿ ಚೆನ್ನಾಗಿದೆ, ಏನೂ ಮರೆತಿಲ್ಲ ಅಂತ ತೋರಿಸ್ಬೇಕು," ಎಂದು ಹಟ ಹಿಡಿದಳು. ಅವನು ನೆಟ್‌ವರ್ಕ್ ಇಲ್ಲವೆಂದ, ಅಲ್ಲಿ ಈಗ ರಾತ್ರಿಯೆಂದ. ಅವಳ ವಾರದ ರಜೆ ಬಂತು. ಬೆಳಗ್ಗೆಯೇ ತಾನೇ ಅಜ್ಜಿಗೆ ವಿಡಿಯೊ ಕರೆ ಹಚ್ಚಿ, ಫೋನನ್ನು ಅವನ ಕೈಗೆ ಕೊಟ್ಟು, "ಹಿಡ್ಕೊಳ್ಳಿ," ಎಂದಳು.

ಪರದೆಯಲ್ಲಿ ಬೆಳ್ಳಗಿನ ಕೂದಲಿನ ಸಣ್ಣ ಮುಖ. ಹಿಂದೆ ಅಚ್ಚುಕಟ್ಟಾದ ಕೋಣೆ, ಮೂಲೆಯಲ್ಲಿ ಖಾಲಿ ಚಾಪೆ. ಅಜ್ಜಿ ತನ್ನ ಭಾಷೆಯಲ್ಲಿ ಮಾತಾಡಿದಳು. ಫೋನಿನೊಳಗಿನ ಅನುವಾದದ ಹೆಂಗಸು ಅದನ್ನು ನಾಟಕದ ರಾಣಿಯ ಹಾಗೆ ಕನ್ನಡದಲ್ಲಿ ಒಪ್ಪಿಸಿದಳು: "ಮಾನ್ಯರೇ, ನಮಸ್ಕಾರಗಳು. ಶ್ವಾನವು ಕ್ಷೇಮವಾಗಿರುವುದೇ?"

ಕಂಡಕ್ಟರಮ್ಮ ಕಿಸಕ್ಕನೆ ನಕ್ಕು, "ನೋಡ್ತಾ ಇರಿ ಅಜ್ಜಿ," ಎಂದು ಬೂಟು ಹಾಕಿಕೊಂಡು ಹೊರಗೆ ಹೋಗಿ ಬಾಗಿಲು ತೆರೆದು ಬಂದಳು. ನಾಯಿ ಟಕಟಕ ಬಂದು ಅವಳ ಬೂಟಿನ ಮೇಲೆ ಗದ್ದ ಊರಿತು.

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತುಂಡು ತುಂಡಾಗಿ ಏನೋ ಹೇಳಿದಳು. ಅನುವಾದದ ಹೆಂಗಸು ಅದೇ ರಾಣಿಯ ದನಿಯಲ್ಲಿ ಹೇಳಿದಳು:

"ಇದು ಅಸಾಧ್ಯ. ಪೆಟ್ಟಿಗೆಯಲ್ಲಿ ಇರಿಸುವ ಮುನ್ನ ಅದರ ಸಕಲ ನೆನಪನ್ನು ನಾನೇ ಅಳಿಸಿದ್ದೆನು. ಪತಿಯು ಕಲಿಸಿದ್ದು ಅನ್ಯರ ಪಾದಕ್ಕೆ ಹೋಗಬಾರದೆಂದು ಹಾಗೆ ಮಾಡಿದೆನು. ಅನಂತರ ಪ್ರತಿದಿನವೂ ಪಶ್ಚಾತ್ತಾಪಪಟ್ಟೆನು. ಅದು ಹೋಗಿಲ್ಲ. ಅವರು ಹೋಗಿಲ್ಲ."

ಹಾಗಾದರೆ ನಾಯಿ ಬಂದದ್ದೇ ಖಾಲಿಯಾಗಿ! ಖಾಲಿಯಾಗಿದ್ದನ್ನು ಮತ್ತೆ ಒರೆಸಿ, ಅದಕ್ಕಾಗಿ ಇಷ್ಟು ದಿನ ಒದ್ದಾಡಿದನಲ್ಲ ಒರೆಸಪ್ಪ! ಕಂಡಕ್ಟರಮ್ಮ ನಿಧಾನವಾಗಿ ತಲೆ ಎತ್ತಿ ಅವನನ್ನು ನೋಡಿದಳು. ಬಸ್ಸಿನಲ್ಲಿ ಟಿಕೆಟ್ ಇಲ್ಲದವನನ್ನು ನೋಡುವ ನೋಟ ಅದು.

"ಅಜ್ಜೀ, ಅದು ನಾನೇ..." ಎಂದು ಅವನು ಬಾಯಿ ತೆರೆದ.

ಅವಳು ಫೋನನ್ನು ಕಸಿದುಕೊಂಡಳು. "ಹೌದಜ್ಜಿ," ಎಂದಳು, "ಹೋಗಿಲ್ಲ. ನಮ್ಮನೇಲಿ ದಿನಾ ಹಿಂಗೇ ಮಾಡುತ್ತೆ." ತನ್ನ ಮನೆಯವರನ್ನೂ ಟಿಕೆಟ್ ಇಲ್ಲದೆ ಬಿಡದ ಹೆಂಗಸು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಅಜ್ಜಿ ಅಳುತ್ತ ನಗುತ್ತ ಪರದೆಗೆ ಕೈಯಾಡಿಸಿದಳು.

ಕರೆ ಮುಗಿದ ಮೇಲೆ ಕಂಡಕ್ಟರಮ್ಮ ನೆಲದ ಮೇಲೆ ಕೂತಳು. ನಾಯಿ ಇನ್ನೂ ಅವಳ ಕಾಲ ಮೇಲೆಯೇ ಇತ್ತು.

"ನೀವೇ ಕಲಿಸಿದ್ದಾ?"

"ಹೂಂ."

"ಖಾಲಿ ಬಂದಿದೆ ಅಂತ ಗೊತ್ತಾಗಿ, ನಂಗೆ ಬೇಜಾರಾಗುತ್ತೆ ಅಂತ ಮುಚ್ಚಿಟ್ರಾ?"

ಹೌದು ಅಂದಿದ್ದರೆ ಬಚಾವಾಗುತ್ತಿದ್ದ. ಅವಳೇ ದಾರಿ ಮಾಡಿಕೊಟ್ಟಿದ್ದಳು.

"ಇಲ್ಲ ಕಣೇ. ನಾನೂ ಒರೆಸಿದೆ. ಕೈ ತಪ್ಪಿ ಒರೆಸಿದೆ. ಖಾಲಿ ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾನು ನೋಡ್ಲೇ ಇಲ್ಲ."

"ನೀವು ಯಾವುದನ್ನ ನೋಡಿದ್ದೀರಿ ಹೇಳಿ!" ಅವಳ ದನಿ ಏರಿತು.

"ನೋಡಿದ್ದೆ," ಎಂದ. "ನೀನು ಮೆಟ್ಟಿಲ ಮೇಲೆ ಕೂರ್ತಿದ್ದದ್ದು. ದಿನಾ ನೋಡ್ತಿದ್ದೆ. ಅದಕ್ಕೇ ಇದನ್ನ ತರಿಸಿದ್ದು."

ನಾಯಿಯ ಬೆನ್ನು ಸವರುತ್ತಿದ್ದ ಅವಳ ಕೈ ನಿಂತಿತು.

"ನೋಡಿದ್ರಾ? ಮತ್ತೆ ಯಾಕೆ ಬರ್ಲಿಲ್ಲ ನೀವು? ರಸ್ತೆ ದಾಟಿದ್ರೆ ಆಗ್ತಿತ್ತಲ್ಲ!"

"ಬಂದು ಏನು ಮಾತಾಡ್ಬೇಕು ಅಂತ ತಿಳೀಲಿಲ್ಲ."

"ನಮ್ಮ ಹಳೇ ನಾಯಿ ಏನಾದ್ರೂ ಮಾತಾಡ್ತಿತ್ತೇನ್ರೀ?" ಎಂದಳು ಕಂಡಕ್ಟರಮ್ಮ.

ಒರೆಸಪ್ಪನಿಗೆ ಅಳು ಬಂತು. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಅಂಗಡಿ ತೆರೆಯುವ ಹೊತ್ತಾಗಿತ್ತು, ಏಳಲಿಲ್ಲ.